ಬೆಳಿಗ್ಗೆ ಸ್ಟಾರ್ಟ್ ಆಗದ ಲಾರಿ ಮತ್ತು ನಮ್ಮ ಮನೆಯ ಇಳಿಜಾರು ಅಂಗಳ

ಡೀಸೆಲ್ ಲಾರಿ ತೆಗೆದುಕೊಂಡು ಈಗ ಒಂದೂವರೆ ವರ್ಷ ಆಯಿತು. ಅದಕ್ಕೆ ಮುಂಚೆ ಬೈಕ್ ಇತ್ತು, ಆಮೇಲೆ ಒಂದು ಹಳೆಯ ಪೆಟ್ರೋಲ್ ವ್ಯಾನ್. ಲಾರಿ ಅಂದರೆ ದೊಡ್ಡದೇನಲ್ಲ, ಆರು ಚಕ್ರದ ಸಣ್ಣ ಗಾಡಿ, ನಾಲ್ಕು ಸಿಲಿಂಡರಿನ ಎಂಜಿನ್, ಡೀಸೆಲನ್ನು ಒತ್ತಿ ಸಿಲಿಂಡರಿಗೆ ಕಳಿಸುವುದು ಹಳೆ ಕಾಲದ ಮೆಕ್ಯಾನಿಕಲ್ ಪಂಪ್. ಸೆನ್ಸರ್, ಕಂಪ್ಯೂಟರ್ ಅಂತ ಏನೂ ಇಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕೋರೆಯಿಂದ ಕೆಂಪುಕಲ್ಲು, ಸೀಸನ್ನಿನಲ್ಲಿ ಅಡಿಕೆ, ತೆಂಗಿನಕಾಯಿ, ತೋಟಗಳಿಗೆ ಹಟ್ಟಿಗೊಬ್ಬರ, ಇದೇ ನನ್ನ ಬಾಡಿಗೆ.

ಗಾಡಿ ಬಂದ ಮೊದಲ ಮಳೆಗಾಲದಲ್ಲೇ ತೊಂದರೆ ಶುರುವಾಯಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಇಪ್ಪತ್ತು ಸೆಕೆಂಡ್, ಮೂವತ್ತು ಸೆಕೆಂಡ್, ನಿಲ್ಲಿಸಿ ಮತ್ತೆ ಹೊಡೆಯಬೇಕು. ಕೊನೆಗೆ ಒಂದು ಸಿಲಿಂಡರ್ ಹಿಡಿದು ಡಬ್ ಡಬ್ ಅನ್ನುತ್ತದೆ, ಹೊಗೆ ಕಾರುತ್ತದೆ, ಗಾಡಿಯೆಲ್ಲ ನಡುಗುತ್ತದೆ, ಆಮೇಲೆ ನಿಧಾನಕ್ಕೆ ನಾಲ್ಕೂ ಸೇರಿಕೊಳ್ಳುತ್ತವೆ. ಒಮ್ಮೆ ಹಿಡಿದ ಮೇಲೆ ದಿನವಿಡೀ ತೊಂದರೆ ಇಲ್ಲ. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ನಿಲ್ಲಿಸಿದರೂ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್. ಆದರೆ ಸಿಗ್ನಲಿನಲ್ಲೋ ಲೋಡ್ ಇಳಿಸುವ ಜಾಗದಲ್ಲೋ ಆಕ್ಸಿಲರೇಟರ್ ಒತ್ತದೆ ಸ್ಲೋದಲ್ಲಿ ಬಿಟ್ಟರೆ ಒಂದೇ ಸಮ ನಿಲ್ಲುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇದಕ್ಕೆ ಹಂಟಿಂಗ್ ಅಂತ ಹೇಳುತ್ತಾರೆ ಎಂದು ಆಮೇಲೆ ಗೊತ್ತಾಯಿತು.

ಇದನ್ನು ಬರೆಯುತ್ತಿರುವುದಕ್ಕೆ ಒಂದು ಕಾರಣ ಇದೆ. ಆಗ ಹುಡುಕಿದಾಗ ಮಲಯಾಳಂ, ಹಿಂದಿಯಲ್ಲಿ ವಿಡಿಯೊಗಳು ಬೇಕಾದಷ್ಟು ಸಿಕ್ಕಿದವು. ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ್ದು ನನಗೆ ಸಿಕ್ಕಿದ್ದು ಬಹಳ ಕಡಿಮೆ. ನನ್ನ ಹಾಗೆ ಸಾಲ ಮಾಡಿ ಹಳೆ ಗಾಡಿ ತೆಗೆದುಕೊಳ್ಳುವವರು ನಮ್ಮ ಕಡೆ ತುಂಬ ಜನ ಇದ್ದಾರೆ. ಅವರ ದುಡ್ಡು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೋದ ವರ್ಕ್‌ಶಾಪಿನಲ್ಲಿ ಬ್ಯಾಟರಿ ಹೋಗಿದೆ ಎಂದರು. ನೋಡಿದರೆ ಹೌದು, ವೋಲ್ಟ್ ಕಡಿಮೆಯೇ ಇತ್ತು. ಹೊಸದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಅಂದರೆ ಎಂಜಿನ್ ಜೋರಾಗಿ ತಿರುಗುತ್ತಿತ್ತು, ಹಿಡಿಯಲು ಮಾತ್ರ ಅಷ್ಟೇ ಹೊತ್ತು. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್, ಬುಷ್ ಬದಲಿಸಿದೆವು. ಆಗಲೂ ಅದೇ ಕಥೆ. ಮೂರನೆಯ ಸಲ, ಪಂಪ್ ಇಳಿಸಬೇಕು, ಪಂಪ್ ಕೆಲಸ ಅಂದರೆ ಇಪ್ಪತ್ತು ಸಾವಿರದ ಮೇಲೆ ಹೋಗುತ್ತದೆ ಎಂಬ ಮಾತು ಬಂತು. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಯಾಕೆಂದರೆ ಪಂಪಿನಲ್ಲಿ ಏನೂ ದೋಷ ಇರಲಿಲ್ಲ.

ಉತ್ತರದ ತುದಿ ಸಿಕ್ಕಿದ್ದು ಅಮ್ಮನ ಬಾಯಿಂದ. ಬೆಳಗಿನ ಜಾವ ಹಟ್ಟಿಯಲ್ಲಿ ಹಾಲು ಕರೆಯುವಾಗ ನನ್ನ ಸೆಲ್ಫಿನ ಶಬ್ದ ಅವರಿಗೆ ದಿನಾ ಕೇಳುತ್ತದೆ. ಒಂದು ದಿನ ಹೇಳಿದರು, "ಕೆಳಗಿನ ಅಂಗಳದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ ದಿನ ಬೇಗ ಸ್ಟಾರ್ಟ್ ಆಗ್ತದೆ ಅಲ್ವಾ? ಮೇಲೆ ಮನೆ ಕಡೆಗೆ ಮುಖ ಮಾಡಿದ ದಿನ ಮಾತ್ರ ಅಷ್ಟು ಹೊತ್ತು ಕಿರುಚುವುದು."

ನಾನು ಅದನ್ನು ಗಮನಿಸಿರಲೇ ಇಲ್ಲ. ನಮ್ಮ ಕಡೆ ಸಪಾಟು ಜಾಗ ಎಲ್ಲಿದೆ? ಗುಡ್ಡೆ ಕಡಿದು ಮನೆ, ಗುಡ್ಡೆ ಕಡಿದು ಅಂಗಳ, ಕೆಳಗೆ ತೋಟ. ಗಾಡಿ ಯಾವಾಗಲೂ ಒಂದು ಕಡೆಗೆ ವಾಲಿಕೊಂಡೇ ನಿಲ್ಲುವುದು. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ರಾತ್ರಿ ಗಾಡಿ ಯಾವ ಕಡೆ ಮುಖ ಮಾಡಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಮಳೆ ಇತ್ತೋ ಇಲ್ಲವೋ, ಎಷ್ಟು ಸೆಕೆಂಡ್ ಸೆಲ್ಫ್ ಹೊಡೆದೆ. ಮೂರು ವಾರ ಬರೆದೆ.

ಬರೆದದ್ದನ್ನು ಒಟ್ಟಿಗೆ ಓದಿದಾಗ ಎರಡು ವಿಷಯ ಕಂಡಿತು. ಮೂತಿ ಮೇಲೆ ಇದ್ದ ದಿನ ಕಷ್ಟ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದ ದಿನ ಇನ್ನೂ ಕಷ್ಟ. ಟ್ಯಾಂಕ್ ತುಂಬಿದ್ದ ದಿನ ಮೂತಿ ಮೇಲಿದ್ದರೂ ಅಷ್ಟು ತೊಂದರೆ ಇಲ್ಲ.

ಟ್ಯಾಂಕ್ ಇಳಿಯುವುದಕ್ಕೂ ನಮ್ಮ ಊರಿಗೂ ಸಂಬಂಧ ಇದೆ. ಇಲ್ಲಿ ಕೇರಳದ ಪೆಟ್ರೋಲ್ ಪಂಪಿಗಿಂತ ಗಡಿಯ ಆಚೆ ಡೀಸೆಲ್ ದರ ಕಡಿಮೆ. ಪೆರ್ಲ, ಅಡ್ಕಸ್ಥಳ ಕಳೆದು ಸಾರಡ್ಕ ದಾಟಿದರೆ ಕರ್ನಾಟಕ. ವಿಟ್ಲ ಕಡೆಗೋ ಪುತ್ತೂರು ಕಡೆಗೋ ಬಾಡಿಗೆ ಬಿದ್ದ ದಿನ ಫುಲ್ ಮಾಡಿಸುವುದು, ಮುಂದಿನ ಬಾಡಿಗೆ ಬರುವ ತನಕ ಅದರಲ್ಲೇ ಎಳೆಯುವುದು, ಇದು ಇಲ್ಲಿನ ಬಹಳ ಲಾರಿಯವರ ಅಭ್ಯಾಸ. ನನ್ನದೂ ಅದೇ. ಹಾಗಾಗಿ ವಾರದ ಅರ್ಧ ಬೆಳಿಗ್ಗೆಗಳಲ್ಲಿ ನನ್ನ ಟ್ಯಾಂಕ್ ತಳ ಕಾಣುತ್ತಿತ್ತು.

ಈಗ ಕಾರಣ ಹೇಳುತ್ತೇನೆ. ಪೆಟ್ರೋಲ್ ಗಾಡಿಯಿಂದ ಬಂದವರಿಗೆ ಇದು ಹೊಸದು, ಸ್ವಲ್ಪ ತಾಳ್ಮೆಯಿಂದ ಓದಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಒಳಗಿನ ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಹಿಂಡಿದರೆ ಅದು 500 ಡಿಗ್ರಿ ಸೆಲ್ಸಿಯಸ್ ಮೇಲೆ ಬಿಸಿಯಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನಲ್ಲೂ ಬೆಂಕಿ ಹುಟ್ಟಿದ್ದು ಹೀಗೆಯೇ. ಅಂದರೆ ಬೇಕಾದ್ದು ಮೂರೇ. ಗಾಳಿ, ಅದನ್ನು ಬಿಸಿಯಾಗುವಷ್ಟು ಬೇಗ ಹಿಂಡುವ ವೇಗ, ಸರಿಯಾದ ಹೊತ್ತಿಗೆ ಡೀಸೆಲ್. ಸೆಲ್ಫ್ ನಿಧಾನವಾದರೆ ಹಿಂಡಿದ ಬಿಸಿ ಗೋಡೆಗೆ ಹೋಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಮೊದಲು ಬ್ಯಾಟರಿ ನೋಡುವುದು ತಪ್ಪಲ್ಲ. ಸುಮ್ಮನೆ ಇದ್ದಾಗ 12.6 ವೋಲ್ಟ್ ಹತ್ತಿರ ಇದ್ದು, ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಒಮ್ಮೆ ಬಿಚ್ಚಿ ಉಜ್ಜಿ ಹಾಕಿ, ನಮ್ಮ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ದಿನಾ ಅರ್ಧ ಅರ್ಧ ನಿಮಿಷ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾಗಿತ್ತು. ಸೆಲ್ಫ್ ಮೋಟಾರ್ ಸವೆದದ್ದೂ ಅದರಿಂದಲೇ. ಎರಡನ್ನೂ ಬದಲಿಸಿದೆ, ಅವುಗಳನ್ನು ಹಾಳು ಮಾಡಿದ್ದು ಹಾಗೇ ಉಳಿದಿತ್ತು.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಬೇಕು. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಸೈಲೆನ್ಸರಿನಲ್ಲಿ ಸ್ವಲ್ಪವೂ ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ, ಹಿಡಿಯುತ್ತಿಲ್ಲ ಅಂದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಎರಡೂ ಬೇರೆ ಬೇರೆ ದಾರಿ. ಮೊದಲನೆಯದಾದರೆ ಟ್ಯಾಂಕಿನಿಂದ ಪಂಪಿನ ತನಕ ಹುಡುಕಬೇಕು, ಜೊತೆಗೆ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಬಂದಿದೆಯಾ ನೋಡಬೇಕು, ಅದು ಅರ್ಧಕ್ಕೆ ಸಿಕ್ಕಿಕೊಂಡು ದಿನ ಹಾಳಾದವರಿದ್ದಾರೆ. ಎರಡನೆಯದಾದರೆ ಡೀಸೆಲ್ ಸಿಂಪಡಿಸುವ ನಾಝಲ್, ಗಾಳಿ ಹಿಂಡುವ ಬಲ ಅಂದರೆ ಕಂಪ್ರೆಶನ್, ಡೀಸೆಲ್ ಬೀಳುವ ಹೊತ್ತು ಅಂದರೆ ಟೈಮಿಂಗ್, ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅದು. ನನ್ನ ಗಾಡಿಯಲ್ಲಿ ಮೊದಲ ಇಪ್ಪತ್ತು ಸೆಕೆಂಡ್ ಹೊಗೆಯೇ ಇರಲಿಲ್ಲ.

ನೋಟ್‌ಬುಕ್ ತೆಗೆದುಕೊಂಡು ನೀರ್ಚಾಲು ಕಡೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ತುಳು, ಮಲಯಾಳಂ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಮಾತಾಡುವವರು. ಎರಡು ಪುಟ ನೋಡಿ ಹೇಳಿದರು, "ಏರ್ ಎಳೀತಾ ಉಂಟು. ರಾತ್ರಿ ಡೀಸೆಲ್ ವಾಪಸ್ ಟ್ಯಾಂಕಿಗೆ ಹೋಗ್ತದೆ. ಪಂಪ್ ಮುಟ್ಟುವುದು ಬೇಡ."

ವಿಷಯ ಹೀಗೆ. ಟ್ಯಾಂಕ್ ಚಾಸಿಯ ಪಕ್ಕದಲ್ಲಿ ಕೆಳಗಿದೆ. ಎಂಜಿನ್ ಪಕ್ಕದ ಫೀಡ್ ಪಂಪ್ ಅಲ್ಲಿಂದ ಡೀಸೆಲನ್ನು ಎಳೆದು ಫಿಲ್ಟರಿಗೆ, ಫಿಲ್ಟರಿನಿಂದ ನಾಝಲಿಗೆ ಒತ್ತಿ ಕಳಿಸುವ ದೊಡ್ಡ ಪಂಪಿಗೆ ಕೊಡುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನ ತನಕದ ಪೈಪು ಎಳೆಯುವ ಪೈಪು. ಅದರಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತು ಇದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ರಾತ್ರಿ ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಕೆಳಗಿರುವ ಟ್ಯಾಂಕಿಗೆ ಇಳಿಯುತ್ತದೆ. ಬಾವಿಯಿಂದ ಎಳೆಯುವ ಮೋಟಾರಿನ ಫುಟ್‌ವಾಲ್ವ್ ಹಾಳಾದರೆ ಬೆಳಿಗ್ಗೆ ನೀರು ಏರದ ಹಾಗೆಯೇ ಇದು. ಮೂತಿ ಮೇಲಿದ್ದರೆ ಎಂಜಿನ್ ಟ್ಯಾಂಕಿಗಿಂತ ಇನ್ನೂ ಎತ್ತರ, ಇಳಿಯುವುದು ಜಾಸ್ತಿ. ಟ್ಯಾಂಕ್ ಖಾಲಿಯಾದಷ್ಟೂ ಅದೇ. ಬೆಳಿಗ್ಗೆ ಖಾಲಿ ಪೈಪು ತುಂಬುವ ತನಕ ಸೆಲ್ಫ್ ಹೊಡೆಯುತ್ತಲೇ ಇರಬೇಕು. ಓಡಿದ ಮೇಲೆ ಪೈಪು ತುಂಬಿರುತ್ತದೆ, ಒಂದು ಗಂಟೆಯಲ್ಲಿ ಖಾಲಿಯಾಗುವುದಿಲ್ಲ, ಅದಕ್ಕೆ ಮಧ್ಯಾಹ್ನ ತೊಂದರೆ ಇಲ್ಲ.

ಗಾಳಿ ಅಷ್ಟು ಯಾಕೆ ತೊಂದರೆ ಕೊಡುತ್ತದೆ ಅಂದರೆ, ಡೀಸೆಲನ್ನು ಹಿಂಡಿದರೆ ಅದು ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನನ್ನಂಥ ಎಂಜಿನ್ನಿನಲ್ಲಿ ನಾಝಲ್ ತೆರೆಯಬೇಕಾದರೆ ಸುಮಾರು 200 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ಸ್ಲೋದಲ್ಲಿ ಒಂದು ಸಲಕ್ಕೆ ಹೋಗುವ ಡೀಸೆಲ್ ಒಂದು ಹನಿಗಿಂತ ಕಡಿಮೆ. ಅಷ್ಟು ಚಿಕ್ಕ ಅಳತೆಯ ನಡುವೆ ಒಂದು ಗುಳ್ಳೆ ಬಂದರೆ ಪಂಪ್ ಒತ್ತಿದ್ದು ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ನಾಝಲ್ ತೆರೆಯುವುದಿಲ್ಲ. ಆ ಸಿಲಿಂಡರ್ ಆ ಸಲ ತಪ್ಪಿತು. ವೇಗ ಬಿದ್ದಾಗ ಎಂಜಿನ್ ವೇಗ ಕಾಯುವ ಗವರ್ನರ್ ಡೀಸೆಲ್ ಜಾಸ್ತಿ ಮಾಡುತ್ತದೆ, ಎಂಜಿನ್ ಏರುತ್ತದೆ, ಗವರ್ನರ್ ಕಡಿಮೆ ಮಾಡುತ್ತದೆ, ಮತ್ತೊಂದು ಗುಳ್ಳೆ ಬರುತ್ತದೆ. ಸ್ಲೋದಲ್ಲಿ ಏರಿ ಇಳಿಯುತ್ತಿದ್ದದ್ದೂ ಇದರಿಂದಲೇ. ನಾನು ಎರಡು ಬೇರೆ ರೋಗ ಅಂದುಕೊಂಡಿದ್ದೆ.

ಗಾಳಿಯನ್ನು ಕಣ್ಣಾರೆ ನೋಡಲು ಅವರು ಮಾಡಿದ್ದು ಬಹಳ ಸರಳ. ಫೀಡ್ ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಡೀಸೆಲ್ ತಡೆಯುವ ಒಂದು ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿದರು. ಸಾಲಾಗಿ ಗುಳ್ಳೆ. ಹಿಂದಕ್ಕೆ ಹುಡುಕುತ್ತಾ ಹೋದಾಗ ಟ್ಯಾಂಕಿನ ಹತ್ತಿರ ರಬ್ಬರ್ ಹೋಸಿಗೆ ಕ್ಲಿಪ್ ಬದಲು ಯಾರೋ ಕಬ್ಬಿಣದ ಸರಿಗೆ ಸುತ್ತಿ ಬಿಗಿದಿದ್ದರು. ಸರಿಗೆಯ ಅಡಿಯಲ್ಲೇ ರಬ್ಬರ್ ಒಡೆದಿತ್ತು. ಫೀಡ್ ಪಂಪಿಗೆ ಪೈಪ್ ಕೂರಿಸುವ ಬ್ಯಾಂಜೋ ಬೋಲ್ಟಿನ ಕಾಪರ್ ವಾಷರ್ ಎಷ್ಟು ಸಲ ಬಿಗಿದದ್ದೋ, ಎಲೆಯ ಹಾಗೆ ತೆಳ್ಳಗಾಗಿತ್ತು. ಫೀಡ್ ಪಂಪಿನ ಒಳಗೆ ಡೀಸೆಲ್ ವಾಪಸ್ ಹೋಗದ ಹಾಗೆ ತಡೆಯುವ ಸಣ್ಣ ವಾಲ್ವ್ ಇದೆ, ಅದರ ಕೆಳಗೆ ಕಸ ಕೂತಿತ್ತು. ಹೊಸ ಹೋಸ್, ಎರಡು ಕ್ಲಿಪ್, ನಾಲ್ಕು ವಾಷರ್, ವಾಲ್ವ್ ತೊಳೆದದ್ದು. ಸಾಮಾನಿಗೆ ಆದ ಖರ್ಚು 340 ರೂಪಾಯಿ.

ಪೈಪಿನ ಒಳಗಿನ ಗಾಳಿ ಹೊರಹಾಕುವುದನ್ನು, ಅಂದರೆ ಏರ್ ತೆಗೆಯುವುದನ್ನು ಅವತ್ತೇ ಕಲಿತೆ. ಡೀಸೆಲ್ ಲಾರಿ ಇಟ್ಟುಕೊಂಡವರು ಇದನ್ನು ಕಲಿಯಲೇಬೇಕು. ಫೀಡ್ ಪಂಪಿನ ಮೇಲಿನ ಹಿಡಿಯನ್ನು ತಿರುಗಿಸಿ ಸಡಿಲ ಮಾಡಿದರೆ ಅದು ಕೈಪಂಪ್ ಆಗುತ್ತದೆ. ಮೊದಲು ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಪಂಪ್ ಹೊಡೆಯಿರಿ. ನೊರೆ ಬರುತ್ತದೆ. ನೊರೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವಾಗ, ಧಾರೆ ಹರಿಯುತ್ತಿರುವಂತೆಯೇ ಸ್ಕ್ರೂ ಬಿಗಿಯಿರಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂವಿನಲ್ಲಿ ಅದೇ ಕೆಲಸ. ಮುಗಿದ ಮೇಲೆ ಕೈಪಂಪಿನ ಹಿಡಿಯನ್ನು ಒತ್ತಿ ಪೂರ್ತಿ ಬಿಗಿಯಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಮತ್ತೆ ಗಾಳಿ ಎಳೆಯಬಹುದು. ಸೆಲ್ಫ್ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ಸ್ಟಾರ್ಟ್ ಆಗಲಿಲ್ಲ ಅಂತ ಏರ್ ಫಿಲ್ಟರ್ ಬಿಚ್ಚಿ ಬೆಂಕಿ ಹಚ್ಚಿದ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇಯೂ ಬೇಡ, ಒಳಗೆ ಹೊತ್ತಿಕೊಂಡು ಪಿಸ್ಟನ್ ಒಡೆಯುತ್ತದೆ.

ಹೊಸ ಗಾಡಿಯವರಿಗೆ ಒಂದು ಎಚ್ಚರಿಕೆ. ಇದೆಲ್ಲ ನನ್ನಂಥ ಹಳೆ ಪಂಪಿನ ಗಾಡಿಯ ಮಾತು. ಕಂಪ್ಯೂಟರ್ ಡೀಸೆಲ್ ಲೆಕ್ಕ ನೋಡುವ ಹೊಸ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಅದರ ಪೈಪ್ ನಟ್ಟನ್ನು ಎಂಜಿನ್ ಓಡುವಾಗ ಸಡಿಲಿಸಲೇಬಾರದು, ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಳೆ ಗಾಡಿಯಲ್ಲೂ ನಾಝಲಿನ ಮುಂದೆ ಕೈ ಹಿಡಿಯಬೇಡಿ.

ಸ್ಟಾರ್ಟಿಂಗ್ ಸರಿಯಾಯಿತು. ಮೂತಿ ಮೇಲಿದ್ದರೂ ಮೂರು ಸೆಕೆಂಡ್. ಏರಿಳಿತವೂ ನಿಂತಿತು. ಆದರೆ ಬೆಳಿಗ್ಗೆ ಮೊದಲ ಎರಡು ನಿಮಿಷ ನಡುಕ, ಬಿಳಿ ಹೊಗೆ, ಕಣ್ಣು ಉರಿಯುವ ವಾಸನೆ ಉಳಿದಿತ್ತು. ಅದಕ್ಕೆ ಆ ಮೆಕ್ಯಾನಿಕ್ ಎಂಜಿನ್ ಸ್ಲೋದಲ್ಲಿ ಇಟ್ಟು, ಕನ್ನಡಕ ಹಾಕಿ, ಸ್ಪ್ಯಾನರಿನಿಂದ ಒಂದೊಂದೇ ನಾಝಲಿನ ಪೈಪ್ ನಟ್ ಸ್ವಲ್ಪ ಸಡಿಲಿಸಿ ನೋಡಿದರು. ಕೆಲಸ ಮಾಡುವ ಸಿಲಿಂಡರಿನದು ಸಡಿಲಿಸಿದರೆ ಎಂಜಿನ್ ಶಬ್ದ ಕುಸಿಯುತ್ತದೆ. ಒಂದು, ಎರಡು, ನಾಲ್ಕು ಕುಸಿಯಿತು. ಮೂರರಲ್ಲಿ ವ್ಯತ್ಯಾಸವೇ ಇಲ್ಲ. ನಾಲ್ಕೂ ನಾಝಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಒತ್ತಿ ನೋಡಿದಾಗ ಮೂರನೆಯದು ಸಿಂಪಡಿಸುವ ಬದಲು ಹನಿ ಹನಿ ಬಿಡುತ್ತಿತ್ತು. ನಮ್ಮ ಕಡೆಯ ಹಳೆ ಮೆಕ್ಯಾನಿಕ್‌ಗಳು ಇಂಥ ಪಂಪ್‌ಗಳಿಗೆಲ್ಲ ಈಗಲೂ ಮೈಕೋ ಪಂಪ್ ಅಂತಲೇ ಹೇಳುತ್ತಾರೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿತು, ಆದರೆ ಗ್ಯಾರೇಜುಗಳಲ್ಲಿ ಹಳೆ ಹೆಸರೇ ಉಳಿದಿದೆ.

ಆ ನಾಝಲ್ ಯಾಕೆ ಹಾಳಾಯಿತು ಎನ್ನುವುದು ಫಿಲ್ಟರ್ ಬಿಚ್ಚಿದಾಗ ಗೊತ್ತಾಯಿತು. ಒಳಗೆ ನೀರು, ಮೇಲೆ ಕಪ್ಪು ಲೋಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿದ್ದರೆ ನೀರು ಅಲ್ಲಿಂದಲೇ ಬರುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಯಾಗುತ್ತದೆ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಕೂರುತ್ತದೆ, ಎರಡೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗುತ್ತದೆ. ಗಡಿಯಾಚೆ ಉಳಿಸಿದ ಹಣ ನನಗೆ ಹೀಗೆ ಹೋಗಿತ್ತು. ಈಗ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಬೇಕಾದರೆ ಇಲ್ಲೇ ಹತ್ತು ಲೀಟರ್ ಹಾಕಿಸುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಅಲುಗಾಡುವ ಮುಂಚೆ, ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡುತ್ತೇನೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಎಲ್ಲ ಮುಗಿದ ಮೇಲೆ ಎಂಜಿನ್ ಸ್ಲೋದಲ್ಲಿ ಬಹಳ ಜೋರಾಗಿ ಓಡತೊಡಗಿತು. ಸ್ಲೋ ವೇಗ ಹೆಚ್ಚುಕಡಿಮೆ ಮಾಡುವ ಸ್ಲೋ ಸ್ಕ್ರೂವನ್ನು ಗಾಡಿಯ ಹಿಂದಿನ ಮಾಲೀಕರು ಒಳಗೆ ಬಿಗಿದಿದ್ದರು, ನಡುಕ ಕಾಣಬಾರದು ಅಂತ. ನಾನು ಗಾಡಿ ನೋಡಲು ಹೋದ ದಿನ ಎಂಜಿನ್ ಆಗಲೇ ಬಿಸಿಯಾಗಿತ್ತು, ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು, ನನಗೆ ಖುಷಿಯಾಗಿತ್ತು. ಹಳೆ ಡೀಸೆಲ್ ಗಾಡಿ ತೆಗೆದುಕೊಳ್ಳುವವರು ಬೆಳಿಗ್ಗೆ ಬೇಗ ಹೋಗಿ. ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಹತ್ತಿರ ಹಿಡಿದು ನೋಡಿ, ಬಿಸಿ ಇದ್ದರೆ ನಾಳೆ ಬರುತ್ತೇನೆ ಅನ್ನಿ. ಸ್ಲೋ ಸ್ಕ್ರೂ ಮುಟ್ಟುವುದು ಯಾವಾಗಲೂ ಕೊನೆಯ ಕೆಲಸ. ಗಾಳಿ, ನೀರು, ನಾಝಲ್, ಟ್ಯಾಪೆಟ್ (ಎಂಜಿನ್ ವಾಲ್ವಿನ ಸಂದು) ಸರಿಯಾದ ಮೇಲೆ, ಎಂಜಿನ್ ಬಿಸಿಯಾದಾಗ, ಕಂಪನಿ ಹೇಳಿದ ಲೆಕ್ಕಕ್ಕೆ ಇಡಬೇಕು. ಇಂಥ ಗಾಡಿಗಳಲ್ಲಿ ಅದು ನಿಮಿಷಕ್ಕೆ 600ರಿಂದ 800 ಸುತ್ತಿನ ನಡುವೆ ಇರುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಾಲು ಗಂಟೆ ಸುಮ್ನೆ ಬಿಡುವ ಅಭ್ಯಾಸ ನಮ್ಮ ಕಡೆ ಇದೆ. ಅದು ಬೇಡ. ತಣ್ಣಗಿನ ಎಂಜಿನ್ ಸ್ಲೋದಲ್ಲಿ ಬಿಸಿಯಾಗಲು ಬಹಳ ಹೊತ್ತು ಬೇಕು, ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ, ನಾಝಲ್ ತುದಿಗೆ ಕರಿ ಕಟ್ಟುತ್ತದೆ. ಆಯಿಲ್ ಪ್ರೆಶರ್ ಬಂತಾ, ಒಂದೆರಡು ನಿಮಿಷ ಸಾಕು, ರೇಸ್ ಕೊಡದೆ ಮೆಲ್ಲಗೆ ಹೊರಡಿ. ಲೋಡ್ ಹಾಕಿ ಏರು ಹತ್ತಿ ಬಂದಾಗ ಮಾತ್ರ, ಟರ್ಬೊ ಇದ್ದರೆ, ಆಫ್ ಮಾಡುವ ಮುಂಚೆ ಒಂದು ನಿಮಿಷ ಸ್ಲೋದಲ್ಲಿ ಬಿಡಿ.

ಇನ್ನೂ ಒಂದು ಕೆಲಸ ಬಾಕಿ ಇದೆ. ಟ್ಯಾಂಕಿನ ತಳದ ಲೋಳೆ ಪೂರ್ತಿ ಹೋಗಿಲ್ಲ. ಮಳೆ ನಿಂತ ಮೇಲೆ ಟ್ಯಾಂಕ್ ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಹಾಕಬೇಕು. ಅಷ್ಟರ ತನಕ ಬಟ್ಟೆ ಫಿಲ್ಟರ್, ಪೇಪರ್ ಫಿಲ್ಟರ್ ಎರಡನ್ನೂ ಒಂದೊಂದು ಹೊಸದು ಸೀಟಿನ ಹಿಂದೆ ಇಟ್ಟುಕೊಂಡಿದ್ದೇನೆ, ಜೊತೆಗೆ ಹತ್ತು ಕಾಪರ್ ವಾಷರ್, ಒಂದು ಸ್ಪ್ಯಾನರ್, ಆ ನೋಟ್‌ಬುಕ್.